ಕಷಾಯವೇ ಸರಿ

ಜಗಳೂರಿನಿಂದ ನ್ಯಾಮತಿಗೆ ಬಂದು ಇಳಿಯುವಷ್ಟರಲ್ಲಿ ಅನ್ನಪೂರ್ಣಮ್ಮ ನೂರಾ ಹನ್ನೆರಡು ಪುಟ ಓದಿದ್ದರು. ಮಗನಿಗೆಂದು ನೋಡಿಬಂದ ಹುಡುಗಿಯ ಮೇಲಿನ ಅಕ್ಕರೆ ಪುಟಕ್ಕಿಷ್ಟರಂತೆ ಇಳಿದುಹೋಗಿತ್ತು.

ಪುಸ್ತಕ ಹುಡುಗಿಯದೇ. ಬಸ್ಸಿನಲ್ಲಿ ಓದಲು ಏನಾದರೂ ಕೊಡವ್ವ ಎಂದು ಇವರೇ ಕೇಳಿದ್ದರು. ಪ್ರಮೀಳಾ ಕಪಾಟಿನಿಂದ ಒಂದು ಹಳೆಯ ಪತ್ತೇದಾರಿ ಕಾದಂಬರಿ ತೆಗೆದುಕೊಟ್ಟಿದ್ದಳು; ರಟ್ಟು ಕಿತ್ತ, ದಾವಣಗೆರೆಯ ಹಳೇ ಪುಸ್ತಕದಂಗಡಿಯ ಮುದ್ರೆ ಬಿದ್ದ ಪ್ರತಿ. ಕೊಲೆಗಾರ್ತಿ ಯಾರೆಂದು ಮೊದಲ ಪುಟದಲ್ಲೇ ಗೊತ್ತು: ಸೊಸೆ. ಅತ್ತೆಯ ಹಾಲಿಗೆ ದಿನಾ ಚೂರು ಚೂರೇ ಔಷಧಿಯ ಪುಡಿ ಬೆರೆಸುತ್ತ, ತನ್ನ ಮನಸ್ಸಿನೊಳಗಿನದನ್ನು ನಗುನಗುತ್ತ ಹೇಳಿಕೊಂಡು ಹೋಗುತ್ತಾಳೆ. ಅದಾದರೂ ಕಥೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದದ್ದು ಕಥೆಯಲ್ಲ.

‘ಇಷ್ಟಕ್ಕೆಲ್ಲ ಅತ್ತೆ ಸಾಯುವುದಿಲ್ಲ.’

ಇನ್ನೊಂದು ಕಡೆ, ಎರಡೆರಡು ಗೆರೆ ಎಳೆದು: ‘ಹಾಲಿಗೆ ಹಾಕಿದರೆ ಗೊತ್ತಾಗುತ್ತದೆ. ಕಷಾಯವೇ ಸರಿ.’

ಅನ್ನಪೂರ್ಣಮ್ಮನಿಗೆ ಎದ್ದ ಕೂಡಲೇ ಕಷಾಯ ಬೇಕು. ಅದನ್ನು ಹುಡುಗಿಯ ಮುಂದೆ ಹೇಳಿಯೂ ಬಂದಿದ್ದರು.

ಮರುದಿನ ಮಧ್ಯಾಹ್ನದೊಳಗೆ ಒಪ್ಪಿಗೆಯ ಮಾತು ತಿಳಿಸಬೇಕಿತ್ತು. ಹೊನ್ನಾಳಿಯವರೊಬ್ಬರು ಅದೇ ಹುಡುಗಿಗೆ ಕಾದು ಕೂತಿದ್ದರು. ಮಗ ಗುರುಬಸವರಾಜ್ ಆ ದಿನ ಬೆಳಗಿನಿಂದ ಗುನುಗುತ್ತ, ತೊಳೆದ ಬೈಕನ್ನೇ ತೊಳೆಯುತ್ತಿದ್ದ.

"ಸೊಸೆನ ಸೋಸಿ ತರಬೇಕು ಅಂತಾರೆ," ಎಂದರು ಅಂಚಿನ ಬರಹವನ್ನೆಲ್ಲ ಓದಿ ನೋಡಿದ್ದ ಗಂಡ ಬಸವರಾಜಪ್ಪ, ಚಹಾ ಸೋಸುತ್ತ. ಆಮೇಲೆ ಟಿವಿ ಸುದ್ದಿಯವನ ಗಂಟಲು ತಂದುಕೊಂಡು, "ನ್ಯಾಮತಿಯಲ್ಲಿ ಅತ್ತೆಯ ನಿಗೂಢ ಸಾವು. ಲೋಟ ನಾಪತ್ತೆ."

"ನಿಮಗೆ ಆಟ. ಕುಡಿಯೋಳು ನಾನು."

"ಸೆಕೆಂಡ್ ಹ್ಯಾಂಡ್ ಪುಸ್ತಕ ಕಣೆ. ಯಾವಳು ಬರೆದಳೋ, ಯಾವ ಅತ್ತೆ ಮೇಲಿನ ಸಿಟ್ಟಿಗೋ. ಕೇಳಿಬಿಡು ಅತ್ಲಾಗೆ."

ಹನ್ನೊಂದೂವರೆಗೆ ಅನ್ನಪೂರ್ಣಮ್ಮ ಹುಡುಗಿಗೆ ಫೋನು ಹಚ್ಚಿದರು.

"ಏನವ್ವ ಪ್ರಮೀಳಾ, ನಿನ್ನ ಪುಸ್ತಕದಾಗೆ ಯಾರೋ ಏನೇನೋ ಗೀಚ್ಯಾರಲ್ಲ. ಮೊದ್ಲು ಇಟ್ಕೊಂಡಿದ್ದೋರು ಬರೆದಿರಬೇಕು, ಅಲ್ಲೇನು?"

ಹೂಂ ಎಂದರೆ ಮುಗಿಯಿತು. ಹೂಂ ಅನ್ನಲಿ ತಾಯಿ, ಎಂದು ಸೆರಗಿನ ತುದಿ ಹಿಡಿದು ಕಾದರು.

ಪ್ರಮೀಳಾ ಡಿ ಫಾರ್ಮಾ ಓದಿ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಆ ಕಡೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು.

"ಇಲ್ರೀ," ಎಂದಳು ಕೊನೆಗೆ. "ಅದು ನಾನೇ ಬರೆದಿದ್ದು."

ಅನ್ನಪೂರ್ಣಮ್ಮ ಕುರ್ಚಿ ಹುಡುಕಿ ಕೂತರು.

"ಕಥೆ ಬರೆದೋರಿಗೆ ಔಷಧಿ ಅಂದ್ರೆ ಏನಂತ ಗೊತ್ತಿಲ್ರೀ. ಅವರು ಹೇಳಿದಷ್ಟು ಹಾಕಿದ್ರೆ ಹೊಟ್ಟೆ ಕೆಡ್ತೈತೆ, ಅಷ್ಟೇ. ಓದ್ತಾ ಓದ್ತಾ ಸಿಟ್ಟು ಬಂತು, ತಿದ್ದಿದೆ. ನೆನಪಿದ್ದಿದ್ರೆ ಅದನ್ನ ನಿಮ್ಮ ಕೈಗೆ ಕೊಡಾಕೆ ನನಗೇನು ಹುಚ್ಚೇನ್ರೀ?" ದನಿ ಸಣ್ಣದಾಯಿತು. "ನೀವು ಬ್ಯಾಡ ಅಂದ್ರೂ ತಪ್ಪು ತಿಳ್ಕೊಳ್ಳಲ್ಲ. ಮೊದಲನೇ ಮಾತಿಗೇ ಸುಳ್ಳು ಹೇಳಾಕೆ ಆಗ್ಲಿಲ್ಲ."

ಇಷ್ಟು ಗೊತ್ತಿರುವವಳು ಮನೆಯೊಳಗೆ ಬಂದರೆ ಹೇಗೋ ಏನೋ. ಆದರೆ ಸುಳ್ಳಿಗೆ ತಾವೇ ಬಾಗಿಲು ತೆಗೆದು, ಮಣೆ ಹಾಕಿ ಕರೆದಿದ್ದರು. ಆದರೂ ಹುಡುಗಿ ಆ ಹೊಸಿಲು ದಾಟಿರಲಿಲ್ಲ. ಹೂಂ ಎಂದಿದ್ದರೆ ಜೀವ ತಣ್ಣಗಾಗುತ್ತಿತ್ತು, ಇವಳು ಎಂಥವಳೆಂದು ಮಾತ್ರ ಎಂದಿಗೂ ತಿಳಿಯುತ್ತಿರಲಿಲ್ಲ.

"ನಿಮ್ಮಪ್ಪಾಜಿಗೆ ಹೇಳವ್ವ," ಎಂದರು, "ನಮ್ಮ ಒಪ್ಪಿಗೆ ಐತೆ ಅಂತ."

ಹೇಳಿದ ಮೇಲೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.