ಹತ್ತಕ್ಕೆ ಒಂಬತ್ತೂವರೆ

ಭುವನ್‌ನ ರಾಕ್ ಬ್ಯಾಂಡಿನ ಹೆಸರು 'ಸೆಕೆ'. ಅದರ ಮೊದಲ ಆಲ್ಬಮ್ಮಿನ ಹೆಸರು 'ನೀರಿಗೂ ಬಾಯಾರಿಕೆ'. ಇಷ್ಟು ಕೇಳಿದರೇ ಅರ್ಧ ಜನ ಎದ್ದು ಹೋಗಬೇಕಿತ್ತು. ಆದರೆ ಲೋಕ ಹಾಗಿಲ್ಲ. ಮುಂಬೈಯ ಒಂದು ಸಂಗೀತ ವೆಬ್‌ಸೈಟು ಹತ್ತಕ್ಕೆ ಒಂಬತ್ತೂವರೆ ಅಂಕ ಕೊಟ್ಟು 'ಸಮುದ್ರವೇ ಗಿಟಾರ್ ಹಿಡಿದಿದೆ' ಎಂದು ಬರೆದದ್ದೇ ತಡ, ಮಂಗಳೂರಿಗೆ ಮಂಗಳೂರೇ ತಲೆದೂಗತೊಡಗಿತು. ಉರ್ವ ಮಾರ್ಕೆಟಿನ ಎದುರು ಭುವನ್‌ನ ಆಳೆತ್ತರದ ಫ್ಲೆಕ್ಸ್ ಎದ್ದಿತು. ಅದನ್ನು ಹಾಕಿಸಿದ ಯುವಕ ಮಂಡಲದಲ್ಲಿ ಆಲ್ಬಮ್ ಕೇಳಿದವರು ಒಬ್ಬರೂ ಇರಲಿಲ್ಲ. ಕೇಳಲು ಪುರುಸೊತ್ತಾದರೂ ಎಲ್ಲಿ, ಫ್ಲೆಕ್ಸ್ ಕಟ್ಟಬೇಡವೇ?

ಆಲ್ಬಮ್ಮನ್ನು ಶ್ರದ್ಧೆಯಿಂದ ಕೇಳಿ, ಅಷ್ಟೇ ಶ್ರದ್ಧೆಯಿಂದ ತಲೆನೋವು ಬರಿಸಿಕೊಂಡವಳು ದೀಕ್ಷಿತಾ. ಮುಂದಿನ ತಿಂಗಳು ಅವಳಿಗೂ ಭುವನ್‌ಗೂ ನಿಶ್ಚಿತಾರ್ಥ.

"ಊರವರು ಹೇಳುವುದು ಬಿಡು ದೀಕ್ಷಿ," ಎಂದಿದ್ದ ಅವನು. "ಮೀನಿನ ಲಾರಿ ನೋಡಿಕೊಳ್ತೀಯಾ, ಇಲ್ಲಾ ಡಬ್ಬ ಬಡೀತಾ ಕೂರ್ತೀಯಾ ಅಂತ ಅಪ್ಪ ಕೇಳ್ತಾ ಇದ್ದಾರೆ. ನೀನು ಒಳ್ಳೆದುಂಟು ಅಂದ್ರೆ ಎರಡನೇ ಆಲ್ಬಮ್. ಇಲ್ಲದಿದ್ರೆ ಲಾರಿ. ಆದಿತ್ಯವಾರ ಕದ್ರಿ ಪಾರ್ಕಿಗೆ ಬಂದು ಹೇಳು. ನೀನು ಸುಳ್ಳು ಹೇಳುವುದಿಲ್ಲ, ನನಗೆ ಗೊತ್ತುಂಟು."

ಎಂಥ ಇಕ್ಕಟ್ಟು ನೋಡಿ! ನಿಜ ಹೇಳಿದರೆ ಅವನು ಜೀವಮಾನವಿಡೀ ಮುಖ ಸಣ್ಣ ಮಾಡಿಕೊಂಡು ಲಾರಿಯ ಹಿಂದೆ ಓಡಾಡುತ್ತಾನೆ. ಸುಳ್ಳು ಹೇಳಿದರೆ ಎರಡನೆಯದು, ಮೂರನೆಯದು, ಎಲ್ಲವನ್ನೂ ತನ್ನದೇ ಮನೆಯಲ್ಲಿ ಕೂತು ಕೇಳಬೇಕು. ಅವನೆಂದರೆ ಅವಳಿಗೆ ಜೀವ. ಅದಕ್ಕೇ ಈ ಸಂಕಟ.

ವಾರವಿಡೀ ಅವಳು ಕೆಲಸಕ್ಕೆ ಹೋಗುವಾಗ ಬರುವಾಗ ಮತ್ತೆ ಮತ್ತೆ ಕೇಳಿದಳು. ಅವಳಿಗೆ ಅತ್ತಾವರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ತಂಗಿ ಅನುಷ್ಕಾಳಿಗೆ ಅಲ್ಲೇ ಕಾಲೇಜು. ಸಿಟಿ ಬಸ್ಸಿನಲ್ಲಿ ಇಬ್ಬರೂ ಒಂದೇ ಇಯರ್‌ಫೋನನ್ನು ಹಂಚಿಕೊಳ್ಳುವುದು ಹೈಸ್ಕೂಲಿನಿಂದ ಬಂದ ರೂಢಿ. ಅಕ್ಕನಿಗೆ ಕಿಟಕಿ ಮತ್ತು ಎಡಗಿವಿಯ ತುಂಡು, ತಂಗಿಗೆ ಬಲಗಿವಿಯದು.

"ಭಾವ ಎಂತ ಚೆಂದ ಹಾಡಿದ್ದಾರಲ್ಲ!" ಎಂದಳು ಅನುಷ್ಕಾ.

"ಯಾವ ಹಾಡು? ಬೋಟಿನ ಇಂಜಿನ್ ಸ್ಟಾರ್ಟ್ ಆಗದೆ ಒದ್ದಾಡ್ತಾ ಉಂಟು, ಅಷ್ಟೆ."

"ಅಕ್ಕ, ನಿನಗೆ ಟೇಸ್ಟೇ ಇಲ್ಲ ಮಾರಾಯ್ತಿ."

ಇರಬಹುದು ಎಂದುಕೊಂಡಳು ದೀಕ್ಷಿತಾ. ಹಾಡಿಲ್ಲದ ಕಡೆಯೂ ಹಾಡು ಕೇಳಿಸಿಕೊಳ್ಳುವುದೇ ಇಂಥ ಬ್ಯಾಂಡುಗಳ ಇಂಡೀ ಸಂಗೀತದ ಮರ್ಮವಿರಬೇಕು, ತನ್ನ ತಲೆಗೆ ಅದು ಹತ್ತುತ್ತಿಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಆದಿತ್ಯವಾರ ಅನುಷ್ಕಾ ಹಾಸಿಗೆ ಬಿಟ್ಟು ಏಳಲಿಲ್ಲ. ದೀಕ್ಷಿತಾ ಒಬ್ಬಳೇ ಬಸ್ಸು ಹತ್ತಿ, ಕೊನೆಯದೊಂದು ಸಲ ಕೇಳೋಣವೆಂದು ಎರಡೂ ಕಿವಿಗೆ ತುರುಕಿಕೊಂಡಳು. ಬಲಗಿವಿಯ ಹತ್ತಿರ ಯಾರೋ ಗಂಡಸು ನಿಟ್ಟುಸಿರು ಬಿಟ್ಟು ಹಾಡತೊಡಗಿದ. ಅವಳು ಸರಕ್ಕನೆ ತಿರುಗಿ ಹಿಂದಿನ ಸೀಟಿನ ಹಿರಿಯರನ್ನು ದುರುಗುಟ್ಟಿ ನೋಡಿದಳು.

"ಎಂತ ಹಾಡುವುದು ನೀವು?"

"ನಾನಾ? ನಾನು ಬಾಳೆಹಣ್ಣು ತಿಂತಾ ಇದ್ದೇನಲ್ಲಮ್ಮ!" ಪಾಪ, ಅವರು ಸಾಕ್ಷಿಗೆ ಸಿಪ್ಪೆಯನ್ನೂ ತೋರಿಸಿದರು.

ಅವಳು ಎಡದ ತುಂಡು ಕಿತ್ತಳು: ಭುವನ್ ಹಾಡುತ್ತಿದ್ದ. ಅದನ್ನು ಮತ್ತೆ ಸಿಕ್ಕಿಸಿ ಬಲದ್ದು ಕಿತ್ತಳು: ಬರೀ ಇಂಜಿನ್ನು. ಉಳಿದವರ ಹಾಡುಗಳು ಎರಡು ಕಿವಿಗೂ ಹೆಚ್ಚುಕಡಿಮೆ ಒಂದೇ ಥರ ಬರುತ್ತಿದ್ದವು. ಈ ಮಹಾನುಭಾವ ಮಾತ್ರ ಸಮುದ್ರವನ್ನು ಎಡಕ್ಕೂ ಮನುಷ್ಯನನ್ನು ಬಲಕ್ಕೂ ಪಾಲು ಮಾಡಿಟ್ಟಿದ್ದ. ವೆಬ್‌ಸೈಟಿನವರು ಅದನ್ನೇ ಉದ್ದಕ್ಕೆ ಹೊಗಳಿದ್ದರು. ಅವಳು ಓದಿದ್ದು ಅಂಕವನ್ನಷ್ಟೇ.

ಇಳಿಯುವ ಸ್ಟಾಪ್ ತಪ್ಪಿತು. ಹಿಂದಕ್ಕೆ ನಡೆದು ಪಾರ್ಕಿನ ಬೆಂಚಿನಲ್ಲಿ ಕೂತು ಕೇಳಿದಳು. ಹುಡುಗ ಹಾಡುತ್ತಾನೆ! ಮೂರನೆಯ ಹಾಡಿಗೆ ಅವಳ ಕಣ್ಣು ತುಂಬಿ ಬಂತು. ಇನ್ನು ಹೆದರಿಕೆಯಿಲ್ಲ, ಬಾಯ್ತುಂಬ ಹೊಗಳಬಹುದು ಎಂದು ಅವಳು ಕುಣಿದಾಡುವಷ್ಟು ಖುಷಿಯಾದಳು. ಆದರೆ ನಾಲ್ಕನೆಯದು ಶುರುವಾಗುತ್ತಲೇ ಕಣ್ಣು ಒಣಗಿತು. ಐದನೆಯದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಏಳನೆಯದರಲ್ಲಿ ಭುವನ್ ಮೊದಲಿನಿಂದ ಕೊನೆಯವರೆಗೆ ಗಂಟಲು ಸರಿಮಾಡಿಕೊಂಡನೇ ಹೊರತು ಹಾಡಲಿಲ್ಲ.

ಎಂಟನೆಯದೂ ಹಾಗೇ ಮುಗಿಯುವಷ್ಟರಲ್ಲಿ ಅವನೇ ಎರಡು ಪೊಟ್ಟಣ ಚರುಮುರಿ ಹಿಡಿದು ಬಂದ.

"ಹೇಳು."

ದೀಕ್ಷಿತಾ ಒಂಬತ್ತೂವರೆ ಎನ್ನಲು ಬಾಯಿ ತೆರೆದಳು. ಅವನ ಮುಖ ನೋಡಿದ ಮೇಲೆ ಆಗಲಿಲ್ಲ.

"ಎಂಟರಲ್ಲಿ ಮೂರು ಚೆಂದ ಉಂಟು. ನಿಜಕ್ಕೂ ಚೆಂದ ಉಂಟು, ನನಗೆ ಅಳು ಬಂತು. ಉಳಿದದ್ದು ಎಂತ ಅಂತ ನಿನಗೂ ಗೊತ್ತಿಲ್ಲ, ಸುಮ್ಮನೆ ಹಾಕಿದ್ದೀ."

ಭುವನ್‌ನ ಕೈ ಚರುಮುರಿಯಲ್ಲೇ ನಿಂತಿತು.

"ಮೂರಾ?"

"ಮೂರು."

"ನನ್ನಾಣೆಗೂ?"

"ನಿನ್ನಾಣೆಗೂ."

ಅವನು ಬೆಂಚಿನ ಮೇಲೆ ಧೊಪ್ಪನೆ ಕೂತ. ತಿಂಗಳಿಂದ ಕಾಣದಿದ್ದ ನಗು ಮುಖವಿಡೀ ಹರಡಿತು.

"ಹಾಗಾದ್ರೆ ಇನ್ನೊಂದು ಆಲ್ಬಮ್ ಮಾಡಬಹುದು ಮಾರಾಯ್ತಿ. ನಾನು ಚೆಂದದ್ದು ಎರಡೇ ಅಂತ ತಿಳ್ಕೊಂಡಿದ್ದೆ!"