ಆರು ಚೀಲ, ನಲವತ್ತು ಗಾಳಿ

ನಮ್ಮಪ್ಪ ಟೈರಿನ ಗಾಳಿಯನ್ನು ಕಾಲಿನಿಂದ ನೋಡುವವನು. ದಿನಾ ಬೆಳಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಪಿಕಪ್ಪಿಗೆ ಒಂದು ಸುತ್ತು ಬಂದು, ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟು, ತಲೆ ಓರೆ ಮಾಡಿ ಸದ್ದು ಕೇಳುತ್ತಾನೆ. ಠಣ್ ಎಂದರೆ ಸರಿ. ದಬ್ ಎಂದರೆ ಗಾಳಿ ಕಮ್ಮಿ. ನಾನು ಗಾಳಿ ಅಳೆಯುವ ಮೀಟರ್ ಕೊಂಡು ತಂದ ದಿನದಿಂದ ನನಗೆ ಮೀಟರಮ್ಮ ಎಂದು ಹೆಸರಿಟ್ಟಿದ್ದಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆ ಮೊಲದ ನಾಲ್ಕನೇ ಕಾಲು ತೋರಿಸದೆ ಬಿಡುವವಳು ನಾನಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಮಾತಿಗೆ ಬರವಿಲ್ಲ.

ನಮ್ಮದು ಗಾಜಿನ ಅಂಗಡಿ, ಮನೆ ಅದರ ಹಿಂದೆಯೇ. ಕಿಟಕಿಯ ಗಾಜು, ಕನ್ನಡಿ, ಮೇಜಿನ ಮೇಲಿನ ಗಾಜು ಎಲ್ಲವನ್ನೂ ಅಳತೆಗೆ ಕತ್ತರಿಸಿ, ಪಿಕಪ್ಪಿನ ಸ್ಟ್ಯಾಂಡಿಗೆ ಕಟ್ಟಿ, ಗಿರಾಕಿಯ ಮನೆಗೆ ಒಯ್ದು ಕೂರಿಸಿಕೊಡುತ್ತೇವೆ. ಗಾಜಿನ ಒಂದು ತುದಿ ಅಪ್ಪ ಹಿಡಿದರೆ ಇನ್ನೊಂದು ತುದಿ ಅಮ್ಮ. ನಾನು ಹುಟ್ಟುವ ಮೊದಲಿನಿಂದಲೂ ಹಾಗೇ. ಅಪ್ಪ ಸ್ಟೇರಿಂಗ್ ಮುಂದೆ, ಅಮ್ಮ ಬಾಗಿಲ ಪಕ್ಕದ ಸೀಟಿನಲ್ಲಿ, ತಲೆಯ ಮೇಲಿನ ಹಿಡಿಕೆಗೆ ಜೋತುಬಿದ್ದುಕೊಂಡು.

ಡ್ರೈವರ್ ಬಾಗಿಲಿನ ಅಂಚಿಗೆ ಕಂಪನಿಯವರು ಗಾಳಿ ಎಷ್ಟಿರಬೇಕೆಂಬ ಒಂದು ಸ್ಟಿಕ್ಕರ್ ಅಂಟಿಸಿದ್ದಾರೆ. ಹಿಂದಿನ ಚಕ್ರಕ್ಕೆ ಗಾಡಿ ಖಾಲಿ ಇದ್ದರೆ ಮೂವತ್ತು, ಪೂರ್ತಿ ಲೋಡ್ ಇದ್ದರೆ ಐವತ್ತು. ಅಪ್ಪ ಹಾಕಿಸುವುದು ಸದಾ ಐವತ್ತು.

"ಹೋಗುವಾಗ ಸರಿ ಕಣಪ್ಪಾ, ಬರುವಾಗ ಗಾಡಿ ಖಾಲಿ ತಾನೇ? ಎಷ್ಟು ಕುಲುಕುತ್ತೆ ನೋಡು" ಎಂದರೆ ಅವನದು ಒಂದೇ ಉತ್ತರ.

"ಬರುವಾಗ ಒಡೆಯೋದಕ್ಕೆ ಗಾಡೀಲಿ ಏನಿರುತ್ತೆ, ಮೀಟರಮ್ಮ?"

ಹೀಗಿರುವಾಗ ಅಮ್ಮನ ಬೆನ್ನಿಗೆ ಆಪರೇಷನ್ ಆಯಿತು. ಮನೆಗೆ ಕಳಿಸುವ ಹಿಂದಿನ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಬಗ್ಗೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ. ಮುಖ್ಯವಾಗಿ ದಾರೀಲಿ ಜೋರಾಗಿ ಕುಲುಕಬಾರದು. ಕುಲುಕಿ ಏನಾದ್ರೂ ಆಯ್ತೋ, ಮತ್ತೆ ಇಲ್ಲಿಗೇ ತರಬೇಕಾಗುತ್ತೆ."

ಅಪ್ಪ ಎದ್ದು ಬಾಗಿಲವರೆಗೆ ಹೋದವನು ತಿರುಗಿ ಬಂದ. "ಮೇಡಂ, ಇದು ಗಾಡೀಲಿ ಓಡಾಡಿದ್ದಕ್ಕೆ ಆಗಿದ್ದಾ?"

"ವಯಸ್ಸು, ಕೆಲಸ, ಎಲ್ಲಾ ಸೇರಿರುತ್ತೆ. ಅದೊಂದೇ ಅಂತ ಹೇಳೋಕಾಗಲ್ಲ" ಎಂದರು ಅವರು. ಅಪ್ಪ ತಲೆಯಾಡಿಸಿದ. ಒಪ್ಪಿಕೊಂಡಂತೆ ಕಾಣಲಿಲ್ಲ.

ಪಕ್ಕದ ಅಂಗಡಿಯ ಟೈಲರ್ ತನ್ನ ಕಾರು ಕೊಡುತ್ತೇನೆಂದ. ಆದರೆ ಕಾರಿನ ಸೀಟು ತಗ್ಗು, ಅದರೊಳಗೆ ಬಗ್ಗಿ ಕೂರಬೇಕು. ಪಿಕಪ್ಪಿನ ಸೀಟಾದರೆ ಎತ್ತರದಲ್ಲಿದೆ, ಒಂದು ಮೆಟ್ಟಿಲು ಇಟ್ಟರೆ ನೆಟ್ಟಗೆ ಹತ್ತಿ ಓರೆಯಾಗಿ ಕೂತು ಕಾಲು ಒಳಗೆಳೆದುಕೊಳ್ಳಬಹುದು. ಆಂಬುಲೆನ್ಸ್ ಮಾತೆತ್ತಿದಾಗ ಅಮ್ಮ ಮಲಗಿದಲ್ಲಿಂದಲೇ ಕೈ ಬೀಸಿದಳು. "ಊರಿಗೆಲ್ಲಾ ಕೇಳೋ ಹಾಗೆ ಕಿರುಚಿಕೊಂಡು ಹೋಗೋಕೆ ನನಗೇನಾಗಿದೆ? ನಮ್ಮ ಗಾಡಿ ತನ್ನಿ."

ಮರುದಿನ ಬೆಳಗ್ಗೆ ಅಪ್ಪ ಎಂದಿನಂತೆ ಟೈರುಗಳಿಗೆ ಒದ್ದು, ನಾಲ್ಕೂ ಠಣ್ ಎಂದ ಮೇಲೆ ಸಮಾಧಾನದಿಂದ ಸ್ನಾನಕ್ಕೆ ಹೋದ. ಅದೇ ಸಮಯವೆಂದು ನಾನು ಗಾಡಿಯನ್ನು ಬೀದಿ ಕೊನೆಯ ಪಂಕ್ಚರ್ ಅಂಗಡಿಗೆ ಒಯ್ದು ಹಿಂದಿನ ಎರಡೂ ಚಕ್ರವನ್ನು ಮೂವತ್ತಕ್ಕೆ ಇಳಿಸಿದೆ. ಹೇಳಿದರೆ ಜಗಳ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೇ? ಗಾಡಿಯನ್ನು ಇದ್ದಲ್ಲೇ ತಂದು ನಿಲ್ಲಿಸಿ, ಒಳಗೆ ಹೋಗಿ ಅಮ್ಮನ ಹಾಸಿಗೆ ಸರಿಮಾಡತೊಡಗಿದೆ.

ಆಸ್ಪತ್ರೆಗೆ ಹೊರಟಾಗ ಅಪ್ಪನೇ ಓಡಿಸಿದ. ಗಾಡಿ ಹೂವಿನ ಹಾಗೆ ಹೋಯಿತು. ಹಳ್ಳಗಳು ಎಲ್ಲಿ ಮಾಯವಾದವೋ ತಿಳಿಯಲಿಲ್ಲ. ತಿರುವಿನಲ್ಲಿ ಮಾತ್ರ ಸ್ವಲ್ಪ ದೋಣಿಯಂತೆ ಓಲಾಡಿತು. ನಾನು ಒಳಗೊಳಗೇ ಬೀಗಿದೆ. ಓರೆಗಣ್ಣಿನಲ್ಲಿ ನೋಡಿದರೆ ಅಪ್ಪನೂ ಮೀಸೆಯಡಿಯಲ್ಲಿ ನಗುತ್ತಿದ್ದ. ಅವನಿಗೇನು ಖುಷಿ ಎಂದು ನಾನು ಯೋಚಿಸಬೇಕಿತ್ತು.

ಅಮ್ಮನನ್ನು ಗಾಲಿಕುರ್ಚಿಯಲ್ಲಿ ಗೇಟಿನ ತನಕ ತಂದರು. ಕುರ್ಚಿಯಲ್ಲಿ ಕೂತವರ ಕಣ್ಣು ಟೈರಿನ ಎತ್ತರಕ್ಕೇ ಇರುತ್ತದೆ. ಎಷ್ಟೋ ದಿನದ ಮೇಲೆ ಹೊರಗೆ ಬಂದವಳು ಬಿಸಿಲು ನೋಡಲಿಲ್ಲ, ನಮ್ಮ ಮುಖ ನೋಡಲಿಲ್ಲ.

"ಏನ್ರೀ ಇದು, ಹಿಂದಿನ ಟೈರು ಹೀಗೆ ಹೊಟ್ಟೆ ಬಿಟ್ಕೊಂಡಿದೆ?"

ಅಪ್ಪ ಹೋಗಿ ಒದ್ದ. ದಬ್. ಆಚೆ ಬದಿಗೆ ಓಡಿ ಒದ್ದ. ಅದೂ ದಬ್. ಅವನ ಮುಖ ಬಿಳಿಚಿಕೊಂಡಿತು. "ಎರಡೂ ಪಂಕ್ಚರ್! ಬೆಳಗ್ಗೆ ಸರಿಯಾಗಿತ್ತು ಕಣೇ, ನಾನೇ ನೋಡಿದ್ದೀನಿ!"

"ಪಂಕ್ಚರ್ ಅಲ್ಲಪ್ಪಾ, ನಾನೇ ಇಳಿಸಿದ್ದು. ಖಾಲಿ ಗಾಡಿ, ಅಮ್ಮನಿಗೆ ಕುಲುಕಬಾರದು ಅಂತ ಮೂವತ್ತು ಮಾಡಿಸ್ದೆ. ಆದ್ರೆ ಖಾಲಿ ಗಾಡಿಗೆ ಅಷ್ಟಿದ್ರೆ ಹೀಗೆ ಕೂರಬಾರದಲ್ಲ..."

"ಖಾಲಿ ಅಂತ ಯಾರು ಹೇಳಿದ್ದು ನಿನಗೆ?"

ಅಪ್ಪ ಹಿಂದಿನ ಟಾರ್ಪಾಲು ಎತ್ತಿದ. ಗಾಜಿನ ಸ್ಟ್ಯಾಂಡಿನ ಕೆಳಗೆ ಆರು ಚೀಲ ಸಾಲಾಗಿ ಕೂತಿದ್ದವು. ಗುಜರಿಯವನಿಗೆ ಹಾಕಲೆಂದು ಹಿತ್ತಲಲ್ಲಿ ಕೂಡಿಟ್ಟಿದ್ದ ಒಡಕು ಗಾಜು. ಲೋಡ್ ಇದ್ದರೆ ಗಾಡಿ ಕುಲುಕುವುದಿಲ್ಲವೆಂದು, ನಾನು ಹಾಸಿಗೆ ಸರಿಮಾಡುವ ಹೊತ್ತಿಗೆ, ಟೈಲರನ ಕೈಯಲ್ಲಿ ಒಂದು ತುದಿ ಹಿಡಿಸಿಕೊಂಡು ಗುಟ್ಟಾಗಿ ಹೇರಿದ್ದಾನೆ. ಹೇಳಿದರೆ ಮೀಟರಮ್ಮ ಜಗಳ ತೆಗೆಯುತ್ತಾಳಲ್ಲ!

ಗಾಳಿ ಇಳಿಸಿದ್ದು ಸರಿ. ಭಾರ ಹೇರಿದ್ದೂ ಸರಿ. ಎರಡೂ ಸೇರಿ, ಇನ್ನಷ್ಟು ದೂರ ಹೋಗಿದ್ದರೆ ಟೈರು ಸಿಡಿಯುವ ಸ್ಥಿತಿ. ಅಮ್ಮ ಕೂತಿದ್ದಾಗ ಸಿಡಿದಿದ್ದರೆ?

ಅಮ್ಮ ಮಾತ್ರ ನಗತೊಡಗಿದಳು. "ಎತ್ತು ಏರಿಗೆ, ಕೋಣ ನೀರಿಗೆ. ಎತ್ತು ಯಾರು, ಕೋಣ ಯಾರು ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ... ಅಯ್ಯೋ, ನಗಿಸಬೇಡಿ, ಹೊಲಿಗೆ ಎಳೀತದೆ."

ಚೀಲ ಇಳಿಸೋಣವೆಂದರೆ ಕಾವಲುಗಾರ ಬಂದು ನಿಂತ. ಆಸ್ಪತ್ರೆಯ ಗೇಟಿನಲ್ಲಿ ಒಡಕು ಗಾಜು ಇಡಲು ಯಾರು ತಾನೇ ಬಿಟ್ಟಾರು? ಉಳಿದದ್ದು ಎದುರಿನ ಪೆಟ್ರೋಲ್ ಬಂಕ್. ಆದರೆ ಎಷ್ಟು ಗಾಳಿ? ಆರು ಚೀಲವೆಂದರೆ ಖಾಲಿಯೂ ಅಲ್ಲ, ಪೂರ್ತಿ ಲೋಡೂ ಅಲ್ಲ. ಸ್ಟಿಕ್ಕರಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಅಪ್ಪನ ಕಾಲಿಗೂ ಗೊತ್ತಿರಲಿಲ್ಲ.

"ಇಬ್ಬರೂ ಒಟ್ಟಿಗೇ ಹೋಗಿ. ಒಂದು ಮಾತಿಗೆ ಬಂದು, ಆಮೇಲೆ ನನ್ನನ್ನ ಹತ್ತಿಸ್ಕೊಳ್ಳಿ" ಎಂದಳು ಅಮ್ಮ. "ಅಲ್ಲೀವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ. ಇದರ ಚಕ್ರವಾದ್ರೂ ನೆಟ್ಟಗಿದೆ."

ಬಂಕಿನಲ್ಲಿ ನಾನು ಮೂವತ್ತೈದು ಎಂದೆ. ಅಪ್ಪ ಐವತ್ತು ಎಂದ.

"ಹಾಗಾದ್ರೆ ಕೂತೇ ನೋಡೋಣ" ಎಂದೆ. "ಐವತ್ತೇ ಹಾಕಿಸು. ನಾನು ಓಡಿಸ್ತೀನಿ, ನೀನು ಅಮ್ಮನ ಸೀಟಲ್ಲಿ ಕೂತ್ಕೋ. ಗೇಟಿನ ಮುಂದೆ ಹಂಪ್ ಇದೆಯಲ್ಲ."

ಅಪ್ಪ ಆ ಬಾಗಿಲಿನ ಕಡೆಯಿಂದ ಹತ್ತಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಕೂತವನಿಗೆ ಕಾಲು ಎಲ್ಲಿಡಬೇಕೆಂದೇ ತೋಚಲಿಲ್ಲ. ಹಂಪಿನ ಮೇಲೆ ಹಿಂದಿನ ಚಕ್ರ ಹತ್ತಿ ಇಳಿದಾಗ ಸೀಟು ಕೆಳಗಿನಿಂದ ಗುದ್ದಿತು. ಅಪ್ಪ ಹಾರಿ ಬಿದ್ದು, ಕೈಗೆ ಸಿಕ್ಕ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದ. ಆಮೇಲೆ ಅದನ್ನೇ ನೋಡುತ್ತ ಕೂತ. ಡ್ರೈವರ್ ಬದಿಯ ಹಿಡಿಕೆ ಹೊಸದರಂತಿತ್ತು, ಇದು ಬೆರಳು ತಾಗಿ ತಾಗಿ ನುಣ್ಣಗಾಗಿ, ನಡುವೆ ಬಣ್ಣ ಹೋಗಿತ್ತು.

"ಚೀಲ ಇದ್ದೂ ಹೀಗೆ" ಎಂದ. "ಇಲ್ದಿದ್ರೆ?"

"ಅಮ್ಮ ಬರುವಾಗ ಲೋಡ್ ಇರ್ತಿರಲಿಲ್ವಲ್ಲಪ್ಪಾ."

ಅವನು ಹಿಡಿಕೆಯ ಬಣ್ಣ ಹೋದ ಜಾಗಕ್ಕೆ ಬೆರಳು ಹಚ್ಚಿ ನೋಡಿದ. "ಒಡೆಯೋದಕ್ಕೆ ಏನಿರುತ್ತೆ ಅಂತಿದ್ದೆ ನಾನು" ಎಂದ, ಕಿಟಕಿಯ ಕಡೆ ಮುಖ ಮಾಡಿಕೊಂಡು. "ಒಂದು ಸಲವಾದ್ರೂ ಬಾಯಿಬಿಟ್ಟು ಹೇಳಿದ್ಲಾ ಅವಳು?"

ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಗೆದ್ದೆನೆಂಬ ಸಂತೋಷವೇ ಮರೆತುಹೋಯಿತು. "ಸರಿ, ಇಳಿಸೋಣ ಬಾ" ಎಂದೆ.

ನಲವತ್ತೈದಕ್ಕೆ ಇಳಿಸಿ ಹಂಪ್ ಹತ್ತಿಸಿದೆವು. ಗುದ್ದು ಕಮ್ಮಿ, ಆದರೂ ಅಪ್ಪ ಬೇಡವೆಂದು ತಲೆಯಾಡಿಸಿದ. ಮೂವತ್ತೈದಕ್ಕೆ ಗಾಡಿ ಓಲಾಡಿತು, ಆಗ ತಲೆಯಾಡಿಸಿದವಳು ನಾನು. ನಲವತ್ತಕ್ಕೆ ಏರಿಸಿದಾಗ ಅಪ್ಪ ಕಣ್ಣು ಮುಚ್ಚಿಕೊಂಡು ಕೂತ. ಹಂಪ್ ದಾಟಿದ ಮೇಲೂ ತೆರೆಯಲಿಲ್ಲ. "ಇನ್ನೊಂದ್ಸಲ" ಎಂದ. ಮತ್ತೆ ದಾಟಿದೆ. "ಇದೇ" ಎಂದ.

ನಮ್ಮ ಗಾಡಿ ಅದೇ ಹಂಪಿನ ಮೇಲೆ ಹಿಂದೆ ಮುಂದೆ ಓಡಾಡುವುದನ್ನು ಕಂಡು ಕಾವಲುಗಾರ ಅಮ್ಮನನ್ನು ಕೇಳಿದನಂತೆ, "ಏನಮ್ಮಾ, ನಿಮ್ಮೋರು ದಾರಿ ತಪ್ಪಿದ್ದಾರಾ?" ಎಂದು. "ಇಲ್ಲಪ್ಪ, ಈಗ ದಾರಿಗೆ ಬರ್ತಿದ್ದಾರೆ" ಎಂದಳಂತೆ ಅಮ್ಮ.

ಮನೆಗೆ ಹೋಗುವಾಗ ನಾನೇ ಓಡಿಸಿದೆ. ಅಪ್ಪ ನಮ್ಮಿಬ್ಬರ ನಡುವೆ ಗೇರಿಗೆ ಮೊಣಕಾಲು ತಾಗಿಸಿಕೊಂಡು ಮುದುರಿ ಕೂತು, ಅಮ್ಮನ ಬೆನ್ನ ಹಿಂದೆ ಕೈ ಇಟ್ಟು, ದಾರಿಯುದ್ದಕ್ಕೂ ಸಾರಿದ. "ಹಂಪ್ ಬಂತು. ಹಳ್ಳ ಬಂತು. ಇನ್ನೊಂದು ಹಂಪ್."

"ನನಗೆ ಆಪರೇಷನ್ ಆಗಿರೋದು ಬೆನ್ನಿಗೆ ರೀ, ಕಣ್ಣಿಗಲ್ಲ" ಎಂದಳು ಅಮ್ಮ. ಸ್ವಲ್ಪ ಹೊತ್ತಿಗೆ ಅವನ ಭುಜಕ್ಕೊರಗಿ ನಿದ್ದೆ ಹೋದಳು. ಅಪ್ಪ ಸಾರುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ಇಳಿಸಿದ.

ಆಮೇಲೆ ಗುಜರಿಯವನು ಬಂದಾಗ ಹಿತ್ತಲಲ್ಲಿದ್ದ ಒಡಕು ಗಾಜೆಲ್ಲ ಹೋಯಿತು, ಆ ಆರು ಚೀಲ ಹೋಗಲಿಲ್ಲ. ಇವನ್ನು ಯಾಕೆ ಬಿಟ್ಟಿರಿ ಎಂದು ಅವನು ಕೇಳಿದ್ದಕ್ಕೆ, "ಅವು ಗಾಡಿಯ ಸಾಮಾನು" ಎಂದ ಅಪ್ಪ. ದಿನವೂ ಟೈರಿಗೆ ಒದೆಯುವುದು ನಿಂತಿಲ್ಲ. ಒದ್ದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು ನನ್ನ ಮೀಟರನ್ನೂ ಹಚ್ಚುತ್ತಾನೆ.

ಡಾಕ್ಟರಮ್ಮ ಗಾಡಿಯಲ್ಲಿ ಓಡಾಡಬಹುದೆಂದ ಮೇಲೆ ಅಮ್ಮ ಮೊದಲ ಸಲ ಅಪ್ಪನ ಜೊತೆ ಗಿರಾಕಿಯ ಮನೆಗೆ ಅಳತೆ ತೆಗೆಯಲು ಹೊರಟಳು. ಪಿಕಪ್ಪಿನ ಹಿಂದೆ ಆಗಲೇ ಆರು ಚೀಲ ಏರಿ ಕೂತಿದ್ದವು. ಡ್ರೈವರ್ ಬಾಗಿಲು ತೆರೆದೇ ಇತ್ತು. ಅಂಚಿನಲ್ಲಿ, ಸ್ಟಿಕ್ಕರಿನ ಎರಡು ಸಾಲುಗಳ ಕೆಳಗೆ, ಗಾಜಿಗೆ ಗುರುತು ಹಾಕುವ ಪೆನ್ಸಿಲಿನಲ್ಲಿ ಅಪ್ಪನ ದಪ್ಪ ಅಕ್ಷರ ಕಂಡಿತು. 'ಅವಳು ಬಂದರೆ: ಆರು ಚೀಲ, ನಲವತ್ತು.'

ಅಮ್ಮ ಅದನ್ನು ಓದಿ ಅವನ ಕಡೆ ತಿರುಗಿದಳು. "ಅಂತೂ ನನ್ನನ್ನೂ ಗಾಜಿನ ಲೆಕ್ಕಕ್ಕೆ ಸೇರಿಸಿಬಿಟ್ರಿ."

"ಗಾಜು ಒಡೆದ್ರೆ ಇನ್ನೊಂದು ಕತ್ತರಿಸ್ತೀನಿ ಕಣೇ" ಎಂದ ಅಪ್ಪ. "ಹತ್ತು, ಹೊತ್ತಾಯ್ತು."

ಅಮ್ಮ ಹತ್ತಿ ಕೂತಳು. ಗಾಡಿ ಹೊರಟೊಡನೆ ಅಭ್ಯಾಸದಂತೆ ಅವಳ ಕೈ ತಲೆಯ ಮೇಲಿನ ಹಿಡಿಕೆಗೆ ಹೋಯಿತು. ಬೀದಿಯ ಮೊದಲನೇ ಹಂಪ್ ದಾಟಿದ ಮೇಲೆ ಅವಳು ಅದನ್ನು ಬಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.