ಹಣೆಯ ಮಸಿ

ಒಂದು ಟ್ಯೂಬು ಬಿಳಿ ಎಣ್ಣೆಬಣ್ಣದ ದುಡ್ಡಿಗೆ ಒಲೆಗೆ ಒಂದು ಮೂಟೆ ಕಲ್ಲಿದ್ದಲ ಉಂಡೆ ಬರುತ್ತಿತ್ತು. ಅತ್ತೆ ದುಲ್ಮಾ ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಒಲೆಗೆ ಉಂಡೆ ಹಾಕುವಾಗ ಸೊಸೆ ಸರ್ನೈಯ ಕೈಯಲ್ಲಿದ್ದ ಟ್ಯೂಬನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಉಲಾನ್‌ಬಾತರ್ ನಗರದ ಗುಡ್ಡದ ಮೇಲಿನ ಆ ಒಂಟಿ ಕೋಣೆಯ ಮನೆಗೆ ಒಂದೇ ಕಿಟಕಿ. ಚಳಿ ಶುರುವಾದಾಗಲೇ ಅದರ ಸಂದಿಗಳಿಗೆಲ್ಲ ಕಾಗದ ಮೆತ್ತಿಯಾಗಿತ್ತು. ಏಪ್ರಿಲ್‌ವರೆಗೆ ತೆರೆಯುವಂತಿಲ್ಲ; ತೆರೆದರೂ ಒಳಗೆ ಬರುವುದು ಊರಿನ ಹೊಗೆಯೇ. ಒಳಗೆ ಎಣ್ಣೆಬಣ್ಣದ ವಾಸನೆ, ಕುರಿಮಾಂಸದ ಸಾರಿನ ವಾಸನೆ, ಮಗುವಿನ ಕೆಮ್ಮು. ಗೋಬಿ ಮರುಭೂಮಿಯ ಗಣಿಯಿಂದ ಗಂಡ ಫೋನಿನಲ್ಲಿ ಹೇಳಿಬಿಟ್ಟಿದ್ದ: "ಇದೊಂದು ಚಿತ್ರ ಪ್ರದರ್ಶನಕ್ಕೆ ತಗೊಂಡ್ರೆ ಸರಿ ಸರ್ನೈ, ಇಲ್ಲಾಂದ್ರೆ ಬಣ್ಣ ಎತ್ತಿಟ್ಬಿಡು. ಮಗು ಎದೆ ಹಾಳಾಗುತ್ತೆ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳಿಗೆ ಕಷ್ಟವಾದದ್ದೇ ಅದು.

ಚಿತ್ರದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸು. ಅವಳ ಹೆಗಲು ಎಲ್ಲಿ ಮುಗಿದು ಬೂದು ಬಣ್ಣ ಎಲ್ಲಿ ಶುರುವಾಯಿತೆಂದು ಹೇಳುವ ಹಾಗಿಲ್ಲ. ತೋಳು ಹೊಗೆಯ ಪಟ್ಟೆಯಾಗಿ, ಬೆನ್ನು ಮುಚ್ಚಿದ ಕಿಟಕಿಯಾಗಿ ಕರಗಿಹೋಗಿತ್ತು. ಮಗುವಿನ ಮುಖ ಮಾತ್ರ ರೆಪ್ಪೆ, ಕೆನ್ನೆಯ ಕೆಂಪು ಸಮೇತ ಇದ್ದದ್ದು ಇದ್ದ ಹಾಗೇ.

ಚಿತ್ರ ಒಯ್ಯಲು ಕಾರು ತಂದ ಹಳೆಯ ಸಹಪಾಠಿ ತುಗುಲ್ದುರ್ ಚಹಾದ ಬಟ್ಟಲು ಹಿಡಿದೇ ನಕ್ಕ. "ತಾಯಿ ಸೊಗಸಾಗಿದಾಳೆ ಕಣೇ. ಈ ಮಗು ಯಾವ ಹಾಲಿನ ಪುಡಿ ಡಬ್ಬದ ಮೇಲಿಂದ ಇಳಿದು ಬಂತು?"

"ಸುಮ್ನಿರೋ."

"ಅಳಿಸು. ಇಲ್ಲಾಂದ್ರೆ ಆಯ್ಕೆ ಮಾಡೋರು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ."

ಅವಳಿಗೂ ಗೊತ್ತಿತ್ತು. ಎಷ್ಟೋ ಸಲ ಒರೆಸುವ ಬಟ್ಟೆ ಕೈಗೆತ್ತಿಕೊಂಡಿದ್ದಳು. ಆಗೆಲ್ಲ ಬೆನ್ನ ಹಿಂದೆ ಮಗು ಕೆಮ್ಮುತ್ತಿತ್ತು, ಕೈ ಏಳುತ್ತಿರಲಿಲ್ಲ. ಒರೆಸುವ ಬದಲು ಇವತ್ತು ಬೆಳಿಗ್ಗೆಯೂ ಆ ಮುಖವನ್ನೇ ತಿದ್ದಿದ್ದಳು.

"ನನ್ ಕೈಲಾಗಲ್ಲ. ಹೀಗೇ ಹೋಗಲಿ," ಎಂದಳು.

ಹೊರಗೆ ಕತ್ತಲಾಗುತ್ತಿತ್ತು. ತುಗುಲ್ದುರ್ ಕಾರು ಬಿಸಿಮಾಡಲು ಹೋದ. ಸರ್ನೈ ಚಿತ್ರಕ್ಕೆ ಹೊದಿಸಲು ಕಂಬಳಿ ಹುಡುಕತೊಡಗಿದಳು.

ದುಲ್ಮಾ ಒಲೆಯಿಂದ ಇಳಿಸಿಟ್ಟಿದ್ದ ಬಾಣಲೆಯ ತಳಕ್ಕೆ ಹೆಬ್ಬೆರಳು ಒರೆಸಿ, ಚಿತ್ರದ ಮುಂದೆ ಹೋಗಿ ನಿಂತು, ಮಗುವಿನ ಹಣೆಗೆ ಮಸಿ ಹಚ್ಚಿದಳು. ಕತ್ತಲಲ್ಲಿ ಹೊರಗೆ ಹೊರಟ ಕೂಸಿಗೆ ಅಲ್ಲಿನ ಅಜ್ಜಿಯರೆಲ್ಲ ಹಚ್ಚುವ ಹಾಗೆ. ಬಣ್ಣ ಹಸಿಯಾಗಿತ್ತು. ಬೆರಳು ಜಾರಿತು. ಹಣೆ, ಕಣ್ಣು, ಕೆನ್ನೆ ಒಂದರೊಳಗೊಂದು ಕಲಸಿಕೊಂಡು ತಾಯಿಯ ತೋಳಿನ ಹೊಗೆಗೆ ಸೇರಿದವು.

"ಅಯ್ಯೋ ಅತ್ತೆ!"

"ಇಷ್ಟು ಮುದ್ದು ಮುಖಾನ ಹಾಗೇ ಕಳಿಸ್ತಾರೇನೇ? ನಿನ್ ಗಂಡನಿಗಿಂತ ಮುಂಚೆ ಎರಡು ಕೂಸು ಕಳ್ಕೊಂಡೋಳು ನಾನು. ಅವನನ್ನ ಮಸಿ ಇಲ್ದೆ ಹೊಸಿಲು ದಾಟಿಸಿದ್ದೇ ಇಲ್ಲ." ಆಮೇಲೆ ತನ್ನ ಬೆರಳು ನೋಡಿಕೊಂಡಳು. ದನಿ ಇಳಿಯಿತು. "ಹಸಿ ಇತ್ತಾ? ಹಾಳು ಮಾಡ್ಬಿಟ್ನಾ?"

ಸರ್ನೈ ಕುಂಚ ತೆಗೆದುಕೊಂಡು ಹತ್ತಿರ ಹೋದಳು. ಹೊರಗೆ ಕಾರಿನ ಹಾರನ್ ಕೂಗಿತು. ಕುಂಚ ಕೆಳಗಿಟ್ಟಳು.

"ಇಲ್ಲ ಅತ್ತೆ. ಕಂಬಳಿ ಆ ಕಡೆ ಹಿಡ್ಕೊಳಿ, ಮುಖಕ್ಕೆ ತಾಗಬಾರದು."

ಪ್ರದರ್ಶನಕ್ಕೆ ಚಿತ್ರವನ್ನು ತೆಗೆದುಕೊಂಡರು. ಯಾರೂ ಕೊಳ್ಳಲಿಲ್ಲ. ಬಣ್ಣದ ಪೆಟ್ಟಿಗೆ ಮನೆಯಲ್ಲಿ ಉಳಿಯಿತು, ಕೆಮ್ಮೂ ಉಳಿಯಿತು. ಆ ಮುಖ ಹೋಯಿತು. ಅದರ ಕೆಂಪು ಒಂದಿಷ್ಟು ಉಳಿದದ್ದು ಕಿಟಕಿಗೆ ಮೆತ್ತಿದ ಕಾಗದದ ಮೇಲೆ, ದುಲ್ಮಾ ಬೆರಳು ಒರೆಸಿದ್ದ ಕಡೆ.